ಹೆಣ್ಣು ಕೇಳುವ ಬಾಯಿ

ಉತ್ತರ ಹೇಳುವ ಮೊದಲು ಹಲ್ಲಿ ಲೊಚಗುಟ್ಟಬೇಕಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಸೀಮೆಗೆ ಬಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲೇ ಓಡಾಡಿಕೊಂಡಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇದನ್ನು ಬರೆದಿಟ್ಟಿದ್ದಾನೆ. ಗಂಡಿನ ತಂದೆ ಒಳ್ಳೆಯ ದಿನ ನೋಡಿಕೊಂಡು ಸೀರೆ, ತೆಂಗಿನಕಾಯಿ, ಬಾಳೆಹಣ್ಣು, ಕುಂಕುಮ, ಗಂಧ ಹಿಡಿದು ಹೊರಡುತ್ತಾನೆ. ದಾರಿಯಲ್ಲಿ ಹಾವೋ ಬೆಕ್ಕೋ ನರಿಯೋ ಅಡ್ಡ ಬಂದರೆ ಅಲ್ಲಿಂದಲೇ ಹಿಂದಕ್ಕೆ. ಏನೂ ಅಡ್ಡ ಬರದೆ ಹೆಣ್ಣಿನ ಮನೆ ಮುಟ್ಟಿ, ವಿಷಯ ಎತ್ತಿ, ತಂದದ್ದನ್ನು ಮುಂದಿಟ್ಟರೂ ಹೆಣ್ಣಿನಪ್ಪ ತಕ್ಷಣ ಬಾಯಿ ಬಿಡುವುದಿಲ್ಲ. ಗೋಡೆಯ ಮೇಲಿನ ಹಲ್ಲಿ ನುಡಿಯುವವರೆಗೆ ಕಾಯುತ್ತಾನೆ. ದುಬುವಾ ಹೇಳುತ್ತಿರುವುದು ಹೆಚ್ಚಾಗಿ ಬ್ರಾಹ್ಮಣರ ಮನೆಯ ಸಂಗತಿ. ಆದರೆ ಚನ್ನರಾಯಪಟ್ಟಣದ ಕಡೆಯ ನಮ್ಮಂಥ ರಾಗಿ ಬೆಳೆಯುವವರ ಮನೆಗಳಲ್ಲೂ ಮಾತಿನ ನಡುವೆ ಹಲ್ಲಿ ನುಡಿದರೆ ನೆಲಕ್ಕೆ ಬೆರಳು ಕುಟ್ಟಿ ‘ಸತ್ಯ, ಸತ್ಯ’ ಅನ್ನುತ್ತಿದ್ದರು. ಪಾದ್ರಿಗೆ ಅದು ಮೂಢನಂಬಿಕೆ. ನನಗೆ ಅದು ಬುದ್ಧಿವಂತಿಕೆಯ ಹಾಗೆ ಕಾಣುತ್ತದೆ. ಇಲ್ಲ ಅನ್ನಬೇಕಾದವನು ‘ನಾನು ಒಲ್ಲೆ’ ಅನ್ನಬೇಕಿಲ್ಲ, ಹಲ್ಲಿ ನುಡಿಯಲಿಲ್ಲ ಎಂದರೆ ಮುಗಿಯಿತು. ಎರಡು ಮನೆಗಳ ಮುಖ ಉಳಿಯಿತು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ರಾಜರ ಮದುವೆಗಳನ್ನು ಸಂಧಾನ, ಸಖ್ಯ, ವರ್ಷ ಎಂದು ಬೋರ್ಡಿನ ಮೇಲೆ ಬರೆಸಿ ಮುಗಿಸುತ್ತಿದ್ದೆ. ಊರಿನ ಮದುವೆಗಳು ಹೇಗೆ ಕುದುರುತ್ತಿದ್ದವು ಅನ್ನುವುದು ಯಾವ ಪಠ್ಯದಲ್ಲೂ ಇರಲಿಲ್ಲ. ಅದು ನಮ್ಮ ತಾತನ ವಿದ್ಯೆ. ಸುತ್ತಲಿನ ಹತ್ತಾರು ಊರಲ್ಲಿ ಹೆಣ್ಣು ಕೇಳಲು ಹೊರಟವರು ತಾತನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ದಳ್ಳಾಳಿ ಅಲ್ಲ, ಒಂದು ಕಾಸೂ ಮುಟ್ಟುತ್ತಿರಲಿಲ್ಲ. ಅವನಿಗಿದ್ದದ್ದು ಬಾಯಿ. ‘ಆ ಮನೆಗೆ ಹೋಗೋಕೆ ಒಂದು ಬಾಯಿ ಬೇಕಲ್ಲಪ್ಪ’ ಎಂದು ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದರು. ತಾತ ಕೊಡೆ ತೆಗೆದುಕೊಳ್ಳುತ್ತಿದ್ದ, ಮಳೆ ಇರಲಿ ಬಿಡಲಿ.

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಈ ಓಡಾಟ. ಮಂಗಳವಾರ ಹೊರಡುವಂತಿಲ್ಲ, ಮೂರು ಜನ ಹೋಗುವಂತಿಲ್ಲ. ಹೆಣ್ಣಿನ ಮನೆಗೆ ನೇರ ನುಗ್ಗುವಂತೆಯೂ ಇಲ್ಲ. ಮೊದಲು ಅದೇ ಊರಿನ ಇನ್ನೊಬ್ಬರ ಜಗಲಿಯಲ್ಲಿ ಕೂತು ಆ ಮನೆಯ ಸುದ್ದಿ ತಿಳಿಯಬೇಕು: ಸೋದರತ್ತೆ ಹೇಗೆ, ಸಾಲ ಎಷ್ಟು, ಅಣ್ಣತಮ್ಮಂದಿರ ನಡುವೆ ಬೇಲಿ ಜಗಳ ಇದೆಯೋ. ಆಮೇಲೆ ‘ಇತ್ತ ಬಂದಿದ್ದೆವು, ನೋಡಿಕೊಂಡು ಹೋಗೋಣ ಅಂತ’ ಎಂದು ಒಳಗೆ ಕಾಲಿಡಬೇಕು. ಬೆಲ್ಲ ನೀರು ಬರುತ್ತದೆ. ಮಳೆ, ಕೆರೆ, ರಾಗಿ, ಎತ್ತಿನ ಕಾಲುಬಾಯಿ ಜ್ವರ, ಎಲ್ಲ ಮುಗಿಯಬೇಕು. ಕೊನೆಗೆ ತಾತ ಗಂಟಲು ಸರಿ ಮಾಡಿಕೊಂಡು, ‘ನಿಮ್ಮ ಹಟ್ಟಿಯಲ್ಲಿ ಒಂದು ಕಡಸು ಇದೆಯಂತೆ’ ಅನ್ನುತ್ತಿದ್ದನಂತೆ. ನನ್ನ ಅಜ್ಜಿ ಇದನ್ನು ಹೇಳುವಾಗ ನಗುತ್ತಿದ್ದಳು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಹಸು ಕೊಳ್ಳಲು ಬಂದವರಿಗೂ ಇವರಿಗೂ ನಡುವೆ ಒಂದು ವ್ಯತ್ಯಾಸ ಅಜ್ಜಿಯೇ ಹೇಳಿದ್ದಳು: ಹಸುವಿನ ಹಲ್ಲು ಎಣಿಸಿ ನೋಡುತ್ತಿದ್ದರು, ನಮ್ಮನ್ನು ಎಣಿಸುತ್ತಿರಲಿಲ್ಲ.

ಉತ್ತರದ ಭಾಷೆಯೇ ಬೇರೆ. ‘ಆಗಲಿ’ ಎಂದು ಯಾರೂ ಮೊದಲ ಸಲಕ್ಕೆ ಅನ್ನುವುದಿಲ್ಲ, ಅಂದರೆ ಹೆಣ್ಣಿಗೆ ಏನೋ ಐಬು ಇರಬೇಕು. ‘ಇಲ್ಲ’ ಎಂದೂ ಅನ್ನುವುದಿಲ್ಲ. ‘ಬಳಗ ಕೇಳಿ ಹೇಳ್ತೀವಿ’ ಅಂದರೆ ಇನ್ನೊಂದು ಸಲ ಬನ್ನಿ. ‘ಈ ವರ್ಷ ಮಾಡೋ ಯೋಚನೆ ಇಲ್ಲ’ ಅಂದರೆ ನಿಮ್ಮ ಮನೆಗೆ ಮಾಡುವ ಯೋಚನೆ ಇಲ್ಲ. ‘ಕಾಗದ ಬರೀತೀವಿ’ ಅಂದರೆ ಬರೆಯುವುದಿಲ್ಲ. ‘ಜಾತಕ ಕೂಡಿ ಬರಲಿಲ್ಲ’ ಎಂಬುದನ್ನು ಜಾತಕವೇ ಬರೆಸದ ಮನೆಗಳೂ ಹೇಳುತ್ತಿದ್ದವು. ಊಟಕ್ಕೆ ಎಬ್ಬಿಸಿದರೆ ಅರ್ಧ ಕೆಲಸ ಆದಂತೆ. ಆದ್ದರಿಂದ ಒಪ್ಪಿಗೆ ಇಲ್ಲದ ಕಡೆ ತಾತ ಎಷ್ಟು ಹಸಿದಿದ್ದರೂ ಎಲೆ ಮುಂದೆ ಕೂರುತ್ತಿರಲಿಲ್ಲ.

ಈ ವ್ಯವಹಾರದಲ್ಲಿ ಮದುವೆಯಾಗಬೇಕಾದ ಹುಡುಗ ಎಲ್ಲಿದ್ದ? ಊರಲ್ಲಿ, ಹೊಲದಲ್ಲಿ. ಅವನು ಬಾಯಿ ಬಿಟ್ಟು ಕೇಳುವುದು ಅವಮರ್ಯಾದೆ. ನಮ್ಮ ಕಡೆಯ ಹಳೆಯ ಪದ್ಧತಿಯನ್ನು ನಾನು ಕೆದಕಿದಷ್ಟೂ ಗಟ್ಟಿಯಾಗುತ್ತ ಹೋದ ಸಂಗತಿ ಇದೊಂದೇ: ಕೇಳುವವನು ವರನಲ್ಲ. ಋಗ್ವೇದದ ಸೂರ್ಯೆಯ ಮದುವೆಯಲ್ಲಿ ವರ ಸೋಮ, ಕೇಳಲು ಹೋದವರು ಅಶ್ವಿನಿಗಳು, ಕೊಟ್ಟವನು ಸವಿತೃ. ಆಪಸ್ತಂಬರ ಗೃಹ್ಯಸೂತ್ರ ಮಂತ್ರ ಬಲ್ಲ ಗೆಳೆಯರನ್ನು ಕಳಿಸು ಅನ್ನುತ್ತದೆ. ಮಹಾಭಾರತದಲ್ಲಿ ಶಂತನು ಮಾತ್ರ ನಿಯಮ ಮೀರಿ ತಾನೇ ದಾಶರಾಜನ ಬಳಿ ಹೋಗಿ ಸತ್ಯವತಿಯನ್ನು ಕೇಳಿದ. ದಾಶರಾಜ ಅವಳ ಮಗನಿಗೇ ಪಟ್ಟ ಕಟ್ಟಬೇಕೆಂದು ಷರತ್ತು ಹಾಕಿದ, ರಾಜ ಮುಖ ಬಾಡಿಸಿಕೊಂಡು ವಾಪಸಾದ. ಆಮೇಲೆ ಹಿರಿಯರನ್ನು ಜೊತೆಗಿಟ್ಟುಕೊಂಡು ಅಪ್ಪನ ಪರವಾಗಿ ಹೆಣ್ಣು ಕೇಳಲು ಹೋದವನು ಮಗ ದೇವವ್ರತ. ತಾತನ ಲೆಕ್ಕದಲ್ಲಿ ಹೇಳುವುದಾದರೆ, ರಾಜ ಒಂದು ಒಳ್ಳೆಯ ಬಾಯಿ ಕರೆದುಕೊಂಡು ಹೋಗಿದ್ದರೆ ಭೀಷ್ಮನ ಪ್ರತಿಜ್ಞೆಯೇ ಬೇಕಾಗುತ್ತಿರಲಿಲ್ಲ.

ಕಾಳಿದಾಸನ ಕುಮಾರಸಂಭವದ ಆರನೆಯ ಸರ್ಗವನ್ನು ನಾನು ಬೇರೆ ಕಾರಣಕ್ಕೆ ಇಷ್ಟಪಡುತ್ತೇನೆ. ಅಷ್ಟು ಹೊತ್ತಿಗೆ ಶಿವ ಪಾರ್ವತಿಯರ ನಡುವೆ ಎಲ್ಲ ಇತ್ಯರ್ಥವಾಗಿದೆ. ತಪಸ್ಸು ಮಾಡಿ ಅವನನ್ನು ಒಲಿಸಿಕೊಂಡವಳು ಅವಳೇ. ಆದರೂ ಸಖಿಯ ಬಾಯಲ್ಲಿ ಹೇಳಿಸುತ್ತಾಳೆ, ನನ್ನನ್ನು ಕೊಡುವವನು ನನ್ನ ತಂದೆ, ಅವನನ್ನು ಕೇಳು ಎಂದು. ಶಿವ ಸಪ್ತರ್ಷಿಗಳನ್ನು ನೆನೆಯುತ್ತಾನೆ, ಅವರ ಜೊತೆ ಅರುಂಧತಿ. ಅಂಗಿರಸ ಮಾತಾಡುತ್ತಾನೆ. ಒಪ್ಪುವ ಮನಸ್ಸಿದ್ದರೂ ಹಿಮವಂತ ತಿರುಗಿ ಹೆಂಡತಿ ಮೇನೆಯ ಮುಖ ನೋಡುತ್ತಾನೆ. ಪಕ್ಕದಲ್ಲಿ ಪಾರ್ವತಿ ತಲೆ ತಗ್ಗಿಸಿ ಕೈಯಲ್ಲಿನ ಕಮಲದ ಎಸಳು ಎಣಿಸುತ್ತಿರುತ್ತಾಳೆ. ಇಬ್ಬರೂ ಮೊದಲೇ ಒಪ್ಪಿಕೊಂಡು ಆಮೇಲೆ ಮನೆಯವರ ಅಪ್ಪಣೆ ಕೇಳುವುದು ಈಗಿನ ಬೆಂಗಳೂರಿನ ಹುಡುಗರು ಕಂಡುಹಿಡಿದದ್ದು ಅಂದುಕೊಂಡವರು ಇದನ್ನು ಓದಬೇಕು.

ಕಥೆಯಿಂದ ಕಾನೂನಿಗೆ ಬಂದರೆ ನಾವು ನಮ್ಮ ಕಲ್ಯಾಣಕ್ಕೇ ಹೋಗಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಈಗ ಬಸವಕಲ್ಯಾಣ ಅನ್ನುವ ಊರಿನಲ್ಲಿ ಕೂತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಹೆಣ್ಣನ್ನು ಕೊಡುವ ಹಕ್ಕು ಯಾರದು ಎಂಬುದಕ್ಕೆ ಆ ಸ್ಮೃತಿಯಲ್ಲಿ ಒಂದು ಸಾಲಿದೆ: ತಂದೆ, ತಂದೆಯ ತಂದೆ, ಅಣ್ಣತಮ್ಮ, ಕುಲದವರು, ಕಟ್ಟಕಡೆಗೆ ತಾಯಿ. ಒಬ್ಬರಿಲ್ಲದಿದ್ದರೆ ಮುಂದಿನವರು. ಹೊತ್ತಿಗೆ ಸರಿಯಾಗಿ ಕೊಡದೆ ಉಳಿಸಿಕೊಂಡವನಿಗೆ ಮಗಳು ಋತುವಾದಾಗಲೆಲ್ಲ ಭ್ರೂಣಹತ್ಯೆಯ ಪಾಪ. ಕೊಡುವವರು ಯಾರೂ ಇಲ್ಲವಾದರೆ ಹೆಣ್ಣು ತಾನೇ ಆರಿಸಿಕೊಳ್ಳಬಹುದು. ಹೆತ್ತವಳು ಐದನೆಯ ಸ್ಥಾನದಲ್ಲಿ, ಹೆಣ್ಣು ಎಲ್ಲರೂ ತೀರಿಕೊಂಡ ಮೇಲೆ. ಬ್ರಿಟಿಷ್ ನ್ಯಾಯಾಲಯಗಳು ಬಂಗಾಳದ ಹೊರಗೆ ಮಿತಾಕ್ಷರಾವನ್ನೇ ಹಿಂದೂಗಳ ಕಾನೂನು ಎಂದು ಹಿಡಿದುಕೊಂಡದ್ದರಿಂದ ಈ ಸಾಲು ಇಪ್ಪತ್ತನೆಯ ಶತಮಾನದವರೆಗೂ ಬದುಕಿತ್ತು. 1955ರ ಹಿಂದೂ ವಿವಾಹ ಕಾಯ್ದೆಯ ಆರನೆಯ ಸೆಕ್ಷನ್ನಿನಲ್ಲಿ, ಹದಿನೆಂಟು ತುಂಬದ ವಧುವಿಗೆ ಯಾರ ಒಪ್ಪಿಗೆ ಬೇಕು ಎಂಬ ಪಟ್ಟಿಯಲ್ಲಿ, ತಾಯಿ ಎರಡನೆಯ ಸ್ಥಾನಕ್ಕೆ ಬಂದಳು. ಐದರಿಂದ ಎರಡಕ್ಕೆ ಬರಲು ಎಂಟು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿ ಕೂತದ್ದು ಇಪ್ಪತ್ತಮೂರೇ ವರ್ಷ. 1978ರಲ್ಲಿ ಹೆಣ್ಣಿನ ಮದುವೆ ವಯಸ್ಸನ್ನೇ ಹದಿನೆಂಟು ಮಾಡಿದಾಗ ಆ ಸೆಕ್ಷನ್ನಿಗೆ ಕೆಲಸವಿಲ್ಲದಂತಾಗಿ ಅದನ್ನು ತೆಗೆದುಹಾಕಿದರು.

ಪುಸ್ತಕದಲ್ಲಿ ಇದ್ದದ್ದೇ ಊರಲ್ಲಿತ್ತು ಎನ್ನುವಂತಿಲ್ಲ. ಸ್ಮೃತಿಕಾರರ ಪಟ್ಟಿಯಲ್ಲಿ ಸೋದರಮಾವನ ಹೆಸರೇ ಇಲ್ಲ. ನಮ್ಮಲ್ಲಿ ಮೊದಲು ಕೇಳಬೇಕಾದವನೇ ಅವನು. ಅಕ್ಕನ ಮಗಳು ತನಗೆ ಬೇಕೋ ಬೇಡವೋ, ತನ್ನ ಮಗನಿಗೆ ತಂದುಕೊಳ್ಳುತ್ತಾನೋ ಇಲ್ಲವೋ, ಅವನ ಬಾಯಿಂದ ಬಂದ ಮೇಲೆ ಹೊರಗಿನವರ ಮಾತು. ಅವನನ್ನು ಕೇಳದೆ ವೀಳ್ಯ ಹಿಡಿದದ್ದಕ್ಕೆ ಮದುವೆಯ ಚಪ್ಪರದಲ್ಲೇ ರಂಪವಾದ ಕಥೆ ಪ್ರತಿ ಊರಲ್ಲೂ ಒಂದು ಸಿಗುತ್ತದೆ. ಘಟ್ಟ ಇಳಿದರೆ ಅಳಿಯಸಂತಾನದ ತುಳುನಾಡಿನಲ್ಲಿ ಮಾವ ಹಕ್ಕುದಾರ ಮಾತ್ರವಲ್ಲ, ಮನೆಯ ಯಜಮಾನನೇ ಅವನು. ಅಪ್ಪ ತನ್ನ ಮಗಳ ಮದುವೆಯ ಮಾತಿನಲ್ಲಿ ಮರ್ಯಾದೆಯ ಅತಿಥಿ. ಬಚ್ಚಿರೆ ಬಜ್ಜೆಯಿ, ಅಂದರೆ ವೀಳ್ಯದೆಲೆ ಅಡಿಕೆ, ಬದಲಾಗುವುದು ತಾಯಿಯ ಮನೆತನದ ಹೆಸರಿನಲ್ಲಿ. ಕೊಡಗಿನಲ್ಲಿ ಪ್ರತಿ ಒಕ್ಕದ, ಅಂದರೆ ಮನೆತನದ, ಪರವಾಗಿ ಅರುವ ಎನ್ನುವವನು ಮಾತಾಡುತ್ತಾನೆ. ಮನೆ ಸಾರಿಸಿ, ದೀಪ ಹಚ್ಚಿ, ಆ ದೀಪದ ಮುಂದೆ ಎರಡು ಕಡೆಯವರು ಕೈ ಹಿಡಿದು ಒಪ್ಪಿಗೆ ಗಟ್ಟಿ ಮಾಡುತ್ತಾರೆ. ನಮ್ಮ ತಾತ ಹವ್ಯಾಸಕ್ಕೆ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ಒಂದು ಹುದ್ದೆಯೇ ಇದೆ.

ಅಪ್ಪ, ಮಾವ ಇವರ ಮೇಲೆ ಇನ್ನೊಬ್ಬನಿದ್ದ. ಜೀತದಲ್ಲಿದ್ದವರ ಮಕ್ಕಳ ಮದುವೆಗೆ ಒಡೆಯನ ಅಪ್ಪಣೆ ಬೇಕಿತ್ತು, ಏಕೆಂದರೆ ಹೆಣ್ಣು ಬೇರೆ ಒಡೆಯನ ಕೇರಿಗೆ ಹೋದರೆ ಒಂದು ಜೊತೆ ಕೈ ಕಡಿಮೆಯಾಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದನ್ನು ಮಕ್ಕಳು ಸಾಹಸ ಎಂದು ಓದುತ್ತಾರೆ. ನಾನು ಪಾಠ ಮಾಡುವಾಗ ಕೇಳುತ್ತಿದ್ದೆ: ಅವನು ಯಾರನ್ನು ಕೇಳಿದ್ದರೆ ಹೆಣ್ಣು ಸಿಗುತ್ತಿತ್ತು? ಅವಳ ಅಪ್ಪನಿಗೆ ಕೊಡುವ ಅಧಿಕಾರ ಇತ್ತೇ? ತರಗತಿ ಸುಮ್ಮನಾಗುತ್ತಿತ್ತು. ಆಸ್ತಿ ಇದ್ದವರಿಗೆ ಮಾತ್ರ ಕೇಳುವ, ಕೊಡುವ, ಒಲ್ಲೆ ಅನ್ನುವ ವೈಭವ.

ಇನ್ನು ತೆರ. ಹೆಣ್ಣು ಕೇಳುವವರು ಬರಿಗೈಯಲ್ಲಿ ಕೇಳುತ್ತಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯ ಆರಂಭಿಸಿ, ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ತೆರೆದರೆ ಜಾತಿ ಜಾತಿಗೂ ತೆರದ ಲೆಕ್ಕ ಸಿಗುತ್ತದೆ. ಗಂಡಿನವರು ಹೆಣ್ಣಿನಪ್ಪನಿಗೆ ಕೊಡಬೇಕಾದ ಹಣ ಅದು. ಯಜಮಾನನ ಎದುರು, ಕುಲದವರ ಎದುರು ಒಪ್ಪುವೀಳ್ಯ ಹಿಡಿದ ಮೇಲೆ ಮಾತು ತಪ್ಪಿದರೆ ದಂಡ. ಸೀರುಡಿಕೆಯಲ್ಲಿ ಮರುಮದುವೆಯಾಗುವ ವಿಧವೆಗೆ ಅನೇಕ ಕಡೆ ತೆರ ಕಡಿಮೆ. ಮನು ಹೆಣ್ಣಿಗೆ ಹಣ ತೆಗೆದುಕೊಳ್ಳುವುದನ್ನು ಮಾರಾಟ ಎಂದು ಬೈದಿದ್ದ. ಬೈಗುಳವನ್ನು ಮೇಲಿನವರು ಓದಿಕೊಂಡರು, ಹೊಲದಲ್ಲಿ ದುಡಿಯುವವರು ತೆರ ಎಣಿಸಿಕೊಂಡರು. ಎರಡು ಕೈ ಬಿಟ್ಟುಹೋಗುವ ಮನೆಗೆ ಅಷ್ಟಾದರೂ ಬರಲಿ ಅನ್ನುವ ಲೆಕ್ಕದಲ್ಲಿ ಒಂದು ಒರಟು ನ್ಯಾಯವಿತ್ತು: ಹೆಣ್ಣಿಗೆ ಬೆಲೆ ಇದೆ, ಕೇಳುವವನು ಕೆಳಗೆ ಕೂರಬೇಕು.

ಆ ಕೂರುವ ಜಾಗ ಅದಲುಬದಲಾದದ್ದು ನನ್ನ ಅಜ್ಜಿಯ ಮತ್ತು ನನ್ನ ನಡುವಿನ ಕಾಲದಲ್ಲಿ. ಎಂ. ಎನ್. ಶ್ರೀನಿವಾಸ್ ತಮ್ಮ ಎಂ.ಎ. ಪ್ರಬಂಧವನ್ನು ಮೈಸೂರಿನ ಮದುವೆ ಮತ್ತು ಕುಟುಂಬದ ಮೇಲಿನ ಪುಸ್ತಕವಾಗಿ 1942ರಲ್ಲಿ ಪ್ರಕಟಿಸಿದಾಗಲೇ ಇಂಗ್ಲಿಷ್ ಓದಿದ, ಸಂಬಳ ಬರುವ ಹುಡುಗನಿಗೆ ವರದಕ್ಷಿಣೆಯ ಮಾರುಕಟ್ಟೆ ನೆಲೆಯಾಗಿತ್ತು. ಅಜ್ಜಿಗೆ ತೆರ ಕೊಟ್ಟು ತಂದಿದ್ದರು. ನನ್ನ ದೊಡ್ಡಕ್ಕನಿಗೆ ಗಂಡು ಹುಡುಕಲು ಅಪ್ಪ ಚಪ್ಪಲಿ ಸವೆಸಿದ. ಹುಡುಗ ಸರ್ಕಾರಿ ಗುಮಾಸ್ತ, ಅವನಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಕೊಡೆ ಹಿಡಿದು ಇನ್ನೊಬ್ಬರ ಮಗಳಿಗಾಗಿ ಹೋಗುತ್ತಿದ್ದ ತಾತ ತನ್ನ ಮೊಮ್ಮಗಳ ವಿಷಯದಲ್ಲಿ ಮನೆಯಲ್ಲೇ ಉಳಿದ. ‘ಕೇಳೋದು ಗೊತ್ತು, ಬೇಡೋದು ಗೊತ್ತಿಲ್ಲ’ ಅಂದನಂತೆ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಅದರ ಪರಿಣಾಮ ಎಷ್ಟು ಎಂದು ವಿವರಿಸಿ ಕಾಗದ ಹಾಳು ಮಾಡುವುದಿಲ್ಲ.

ನನ್ನ ಸರದಿ ಎಪ್ಪತ್ತರ ದಶಕದಲ್ಲಿ ಬಂತು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಒಳ್ಳೆಯ ಮನೆಯವರು, ತೋಟ ಇದ್ದವರು, ದಕ್ಷಿಣೆಯ ಮಾತೆತ್ತದೆ ಹಳೆಯ ಕ್ರಮದಲ್ಲಿ ಬಂದು ಕೇಳಿದರು. ಅಪ್ಪ ಎಲ್ಲ ಕೇಳಿಸಿಕೊಂಡು, ‘ಮಗಳನ್ನ ಒಂದು ಮಾತು ಕೇಳಿ ಹೇಳ್ತೀನಿ’ ಅಂದ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದರು, ಹೋದರು. ಮತ್ತೆ ಬರಲಿಲ್ಲ. ಆರು ತಿಂಗಳಾದ ಮೇಲೆ ಯಾರದೋ ಜಾತ್ರೆಯಲ್ಲಿ ಸಿಕ್ಕಾಗ ಆ ಮನೆಯ ಹಿರಿಯ ಅಪ್ಪನಿಗೆ ಹೇಳಿದನಂತೆ, ‘ಇಷ್ಟ ಇಲ್ಲ ಅಂತ ನೀವು ಮರ್ಯಾದೆಯಿಂದ ಹೇಳಿದಿರಿ, ಅದಕ್ಕೇ ನಮಗೆ ಬೇಜಾರಿಲ್ಲ.’ ಮಗಳನ್ನು ಕೇಳುತ್ತೇನೆ ಎಂಬುದು ನಿರಾಕರಣೆಯ ಹೊಸ ನಾಜೂಕು ಎಂದು ಅವರು ತಿಳಿದರು, ಹಲ್ಲಿ ನುಡಿಯಲಿಲ್ಲ ಅನ್ನುವ ಹಾಗೆ. ಅಪ್ಪ ನಿಜವಾಗಿಯೂ ಕೇಳಿದ್ದ. ನಾನು ಏನು ಹೇಳಿದ್ದೆ ಎಂಬುದು ಮನೆಯ ಮಾತು, ಇಲ್ಲಿ ಬೇಡ.

ಸರ್ಕಾರ ಈ ಜಗಲಿಗೆ ಬಂದು ಕೂತ ಕಥೆಯೂ ಇದೆ. 1894ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕರೊಳಗಿನ ಹುಡುಗಿಯನ್ನು ಕೊಡುವುದನ್ನೂ ನಿಷೇಧಿಸಿತು. ತಂದೆ ಒಪ್ಪಿದರೂ ಮದುವೆ ಆಗಕೂಡದು ಎಂದು ನಮ್ಮ ಸಂಸ್ಥಾನದ ಕಾನೂನು ಹೇಳಿದ್ದು ಹೀಗೆ. ಬ್ರಿಟಿಷ್ ಭಾಗದಲ್ಲಿ 1872ರ ವಿಶೇಷ ವಿವಾಹ ಕಾಯ್ದೆ ಬೇರೆ ದಾರಿ ಹಿಡಿದಿತ್ತು. ಬ್ರಹ್ಮಸಮಾಜದವರ ಒತ್ತಾಯಕ್ಕೆ ಬಂದ ಆ ಕಾಯ್ದೆಯಲ್ಲಿ ಹುಡುಗನಿಗೆ ಹದಿನೆಂಟು, ಹುಡುಗಿಗೆ ಹದಿನಾಲ್ಕು ತುಂಬಿದ್ದರೆ ಸಾಕು, ಆದರೆ ಇಪ್ಪತ್ತೊಂದರವರೆಗೆ ಇಬ್ಬರಿಗೂ ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ಲಾರ್ಡ್ ಹಾರ್ಡ್‌ವಿಕ್ 1753ರಲ್ಲಿ ತಂದ ಕಾಯ್ದೆಯಲ್ಲೂ ಇದೇ ಇಪ್ಪತ್ತೊಂದು. ಅಲ್ಲಿಯ ಹುಡುಗ ಹುಡುಗಿಯರು ಅದನ್ನು ತಪ್ಪಿಸಿಕೊಳ್ಳಲು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡುತ್ತಿದ್ದರು. ನಮ್ಮವರು ಧರ್ಮಸ್ಥಳಕ್ಕೋ ತಿರುಪತಿಗೋ ಓಡಿದರು.

ಈಗ ಕಾನೂನಿಗೆ ಸಂಶಯವಿಲ್ಲ. 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಕುಲದವರ ಸಮ್ಮತಿ ಬೇಕಿಲ್ಲ ಎಂದಿತು. 2021ರ ಫೆಬ್ರವರಿಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಗಿ ಬಂದದ್ದು ನಮ್ಮ ಬೆಳಗಾವಿ ಜಿಲ್ಲೆಯಿಂದ ಹೋದ ಪ್ರಕರಣದಲ್ಲಿ. ಇಷ್ಟಪಟ್ಟವನನ್ನು ಮದುವೆಯಾದ ಉಪನ್ಯಾಸಕಿಯೊಬ್ಬಳು ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಪೊಲೀಸರು ಹಟ ಹಿಡಿದಿದ್ದರು.

ಕಾನೂನು ಬೇಡ ಅಂದದ್ದನ್ನು ಹುಡುಗರು ಈಗ ಬೇಕೆಂದು ಮಾಡುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹುಡುಗಿಯ ಅಪ್ಪ ಅಮ್ಮನನ್ನು ಕಾಫಿಗೆ ಕರೆದು, ಬೆವರುತ್ತಾ, ‘ಅಂಕಲ್, ಒಂದು ವಿಷಯ ಮಾತಾಡಬೇಕು’ ಅಂದನಂತೆ. ಅವರು ಒಪ್ಪಿದ ಮೇಲೆ ನಂದಿಬೆಟ್ಟದಲ್ಲಿ ಮಂಡಿಯೂರಿ ಉಂಗುರ ಹಿಡಿದ. ಮಂಡಿಯೂರುವುದು ಇಂಗ್ಲಿಷ್ ಸಿನಿಮಾದಿಂದ ಬಂದದ್ದು ನಿಜ. ಆದರೆ ಅಪ್ಪನ ಎದುರು ಕೂತು ವರನೇ ತನ್ನ ಬಾಯಲ್ಲಿ ಕೇಳಿದ್ದು ನಮ್ಮ ತಾತನಿಗೆ ಅದಕ್ಕಿಂತ ವಿಚಿತ್ರವಾಗಿ ಕಾಣುತ್ತಿತ್ತು. ನನಗೆ ಅದು ಹಿಡಿಸಿತು. ಕೇಳುವವನ ಬೆವರನ್ನು ಕೇಳಿಸಿಕೊಳ್ಳುವವರು ನೋಡಿದ್ದು ನಮ್ಮ ಕಡೆ ಇದೇ ಮೊದಲಿರಬೇಕು.

ಇದೆಲ್ಲ ನಗರದ ಮಾತು. ಹಳ್ಳಿಯಲ್ಲಿ ತೆರದ ಕಾಲ ಬೇರೆ ವೇಷದಲ್ಲಿ ತಿರುಗಿ ಬಂದಿದೆ. ಹೊಲ ಮಾಡಿಕೊಂಡಿರುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಹೆಣ್ಣಿನ ತಾಯಿ, ಸ್ಮೃತಿಯ ಐದನೆಯ ಸ್ಥಾನದವಳು, ಈಗ ಮೊದಲ ಪ್ರಶ್ನೆ ಹಾಕುತ್ತಾಳೆ: ಬೆಂಗಳೂರಲ್ಲಿ ಮನೆ ಇದೆಯಾ? ನಮ್ಮ ಬಳಗದಲ್ಲೇ ನಲವತ್ತು ದಾಟಿದ ಹುಡುಗರಿದ್ದಾರೆ, ಹುಡುಗರು ಎಂದೇ ಕರೆಯುತ್ತೇವೆ. ಅವರ ಪರವಾಗಿ ಕೇಳಲು ಹೋಗುವ ಬಾಯಿಗಳು ತೀರಿಕೊಂಡಿವೆ, ಬ್ರೋಕರ್ ಮುಂಗಡ ತೆಗೆದುಕೊಂಡು ಫೋನು ಎತ್ತುವುದಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಹೆಸರಿಟ್ಟುಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ಹೆಣ್ಣು ಕೊಡಿಸು ಎಂದು ಮಾದಪ್ಪನನ್ನು ಕೇಳಲು. ಪತ್ರಿಕೆಗಳು ಅದನ್ನು ತಮಾಷೆಯ ಸುದ್ದಿ ಮಾಡಿದವು. ಅದೇ ವರ್ಷದ ಕೊನೆಯಲ್ಲಿ ಅದೇ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರ ಕೈಗೆ ಸಿಕ್ಕಿತು. ಬೆಟ್ಟಕ್ಕೆ ನಡೆದವರ ಸುದ್ದಿಯನ್ನೂ ಈ ಸುದ್ದಿಯನ್ನೂ ಯಾವ ಪತ್ರಿಕೆಯಾದರೂ ಒಂದೇ ಪುಟದಲ್ಲಿ ಹಾಕಬೇಕಿತ್ತು.